ಸ್ಟೈನ್‌ಬೆಕ್ ಬರೆದದ್ದು ಎಷ್ಟು, ಪಕ್ಕದವರು ಕೊಟ್ಟದ್ದು ಎಷ್ಟು?

ಚಹಾಸಂಜೆ

ಕಾಲೇಜಿನಲ್ಲಿ ಪರೀಕ್ಷೆಗೆ ಅಂತ ಓದಿದ್ದ, ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್‌ನ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯನ್ನು ಈ ಮಳೆಗಾಲದಲ್ಲಿ ಮತ್ತೆ ತೆಗೆದೆ. ಆಮೆ ರಸ್ತೆ ದಾಟುವ ಅಧ್ಯಾಯದ ಪಕ್ಕದಲ್ಲಿ ನಾನೇ ಪೆನ್ಸಿಲ್‌ನಲ್ಲಿ 'ಸಂಕೇತ, 5 ಅಂಕ' ಅಂತ ಬರೆದುಕೊಂಡಿದ್ದೆ. ನೋಡಿ ನಗು ಬಂತು. ಈ ಸಲ ಅಂಕದ ಯೋಚನೆ ಇಲ್ಲದೆ ಓದಿದೆ, ಎರಡು ರಾತ್ರಿ ನಿದ್ದೆ ಕೆಟ್ಟಿತು.

ಆಮೇಲೆ ಜಾನ್ ಸ್ಟೈನ್‌ಬೆಕ್‌ನ ಬದುಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಲು ಕೂತೆ. (ಏಕವಚನ ಅಂತ ಬೇಸರ ಮಾಡಿಕೊಳ್ಳಬೇಡಿ. ಇಷ್ಟದವರನ್ನು ಬಹುವಚನದಲ್ಲಿ ಕರೆಯೋಕೆ ನನಗೆ ಬರಲ್ಲ.) ಹುಟ್ಟಿದ್ದು 1902ರ ಫೆಬ್ರವರಿ 27ರಂದು, ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿ. ತಾಯಿ ಆಲಿವ್ ಮದುವೆಗೆ ಮುಂಚೆ ಶಾಲೆಯ ಟೀಚರ್. ತಂದೆ ಹಿಟ್ಟಿನ ಗಿರಣಿಯ ಮ್ಯಾನೇಜರ್ ಆಗಿದ್ದು, ಕೊನೆಗೆ ಕೌಂಟಿಯ ಖಜಾಂಚಿಯಾದ. ಮಗ 1919ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದ. ಸೇರುವುದು, ಬಿಡುವುದು, ಸಕ್ಕರೆ ಕಂಪನಿಯ ಹೊಲಗಳಲ್ಲಿ ದುಡಿಯುವುದು, ಮತ್ತೆ ಸೇರುವುದು. ಹೀಗೆ ಆರು ವರ್ಷ ಕಳೆದು ಡಿಗ್ರಿ ಇಲ್ಲದೆ ಹೊರಬಿದ್ದ. ನ್ಯೂಯಾರ್ಕ್‌ಗೆ ಹೋಗಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಟ್ಟುವ ಜಾಗದಲ್ಲಿ ಕೂಲಿ ಮಾಡಿದ. ಪತ್ರಿಕೆಯ ಕೆಲಸ ಸಿಕ್ಕಿತು, ಅದೂ ಉಳಿಯಲಿಲ್ಲ. 1929ರಲ್ಲಿ ಮೊದಲ ಕಾದಂಬರಿ ಬಂತು. ಕಡಲ್ಗಳ್ಳನೊಬ್ಬನ ಕತೆ. ಒಂದೆರಡು ತಿಂಗಳಲ್ಲಿ ಷೇರುಪೇಟೆ ಕುಸಿದು ಬಿತ್ತು, ಪುಸ್ತಕವನ್ನು ಕೇಳುವವರಿಲ್ಲ.

ನನ್ನ ಪ್ರಶ್ನೆ ಇದು. 'ಗ್ರೇಪ್ಸ್' ಬಂದದ್ದು 1939ರಲ್ಲಿ. ಆಗ ಅವನಿಗೆ 37. ಸತ್ತದ್ದು 1968ರಲ್ಲಿ. ನಡುವಿನ 29 ವರ್ಷದಲ್ಲಿ ಅಷ್ಟು ಎತ್ತರದ್ದು ಇನ್ನೊಂದು ಬಂತಾ? ನೊಬೆಲ್ ಬಂದಾಗ ಅವನ ದೇಶದವರೇ ಯಾಕೆ ಮೂಗು ಮುರಿದರು?

ನೇರಮಾತು

ಬರಲಿಲ್ಲ. ಮೂಗು ಮುರಿದವರದ್ದೂ ಪೂರ್ತಿ ತಪ್ಪಲ್ಲ.

ಪೆನ್ಸಿಲ್‌ತುದಿ

ನೇರಮಾತು ಅವರು ಯಾವತ್ತಿನ ಹಾಗೆ ಒಂದೇ ಸಾಲಿನಲ್ಲಿ ಕತ್ತು ಕುಯ್ದು ಹೋಗಿದ್ದಾರೆ. ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

'ಗ್ರೇಪ್ಸ್' ಆಕಾಶದಿಂದ ಬೀಳಲಿಲ್ಲ. 1936ರಲ್ಲಿ 'ಸ್ಯಾನ್ ಫ್ರಾನ್ಸಿಸ್ಕೋ ನ್ಯೂಸ್' ಪತ್ರಿಕೆ ಅವನಿಗೆ ಒಂದು ಕೆಲಸ ಕೊಟ್ಟಿತು. ಬರ ಮತ್ತು ಸಾಲದಿಂದ ಭೂಮಿ ಕಳೆದುಕೊಂಡು ಒಕ್ಲಹೋಮಾ ಕಡೆಯಿಂದ ಬಂದ ಜನ ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಹೇಗಿದ್ದಾರೆ, ನೋಡಿ ಬರೆಯಿರಿ ಅಂತ. ಹಳೇ ಬ್ರೆಡ್ ಗಾಡಿಯೊಂದನ್ನು ಓಡಿಸಿಕೊಂಡು ಹೊರಟ. ಆರ್ವಿನ್ ಎಂಬಲ್ಲಿ ಸರ್ಕಾರದ ಒಂದು ವಸತಿ ಕ್ಯಾಂಪ್ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಟಾಮ್ ಕಾಲಿನ್ಸ್. ಅಲ್ಲಿ ಕುಟುಂಬಗಳೇ ಸಮಿತಿ ಮಾಡಿಕೊಂಡು ಕ್ಯಾಂಪ್ ನಡೆಸುತ್ತಿದ್ದವು. ಕಾದಂಬರಿಯಲ್ಲಿ ಒಕ್ಲಹೋಮಾ ಬಿಟ್ಟು ಬರುವ ಜೋಡ್ ಕುಟುಂಬಕ್ಕೆ ಮೊದಲ ಸಲ ಬಿಸಿನೀರು, ಮರ್ಯಾದೆ ಎರಡೂ ಸಿಗುವ ಕ್ಯಾಂಪ್ ಇದೆಯಲ್ಲ, ಅದೇ ಇದು.

ಏಳು ಲೇಖನ ಬಂತು. ಆದರೂ ಅವನಿಗೆ ತೃಪ್ತಿ ಆಗಲಿಲ್ಲ. 1938ರ ಫೆಬ್ರವರಿಯಲ್ಲಿ ವೈಸೇಲಿಯಾ ಸುತ್ತಮುತ್ತ ನೆರೆ ಬಂತು. ಡೇರೆಗಳಲ್ಲಿದ್ದ ಕುಟುಂಬಗಳು ನೀರಿನಲ್ಲಿ ಸಿಕ್ಕಿಕೊಂಡು ಹಸಿವಿನಿಂದ ಸಾಯುವ ಸ್ಥಿತಿ. ಕಾಲಿನ್ಸ್ ಜೊತೆ ಕೆಸರಿನಲ್ಲಿ ಓಡಾಡಿ ಕೈಲಾದ್ದು ಮಾಡಿದ. ಆ ಹೊತ್ತಿನಲ್ಲಿ ಅವನ ಮೇಜಿನ ಮೇಲೆ ಬೇರೊಂದು ಬರಹ ಇತ್ತು. ಸಲೀನಾಸ್‌ನ ಲೆಟ್ಯೂಸ್ ಸೊಪ್ಪಿನ ಕೆಲಸಗಾರರ ಮುಷ್ಕರ ಮುರಿದ ದೊಡ್ಡವರನ್ನು ಗೇಲಿ ಮಾಡುವ ಪುಸ್ತಕ. ಬರೆದು ಮುಗಿಸಿದ, ಪ್ರಕಾಶಕರು ಕಾಯುತ್ತಿದ್ದರು. ಇದು ಸಿಟ್ಟಿನ ಪುಸ್ತಕ, ಅರ್ಥ ಮಾಡಿಸುವ ಪುಸ್ತಕ ಅಲ್ಲ ಅನ್ನಿಸಿತು. ನಾಶ ಮಾಡಿಬಿಟ್ಟ.

ಮೇ ಕೊನೆಯಲ್ಲಿ ಹೊಸದಾಗಿ ಶುರು ಮಾಡಿ ಅಕ್ಟೋಬರ್ 26ಕ್ಕೆ 'ಗ್ರೇಪ್ಸ್' ಮುಗಿಸಿದ. ಐದೇ ತಿಂಗಳು, ಸುಮಾರು 2 ಲಕ್ಷ ಪದ, ಎಲ್ಲ ಕೈಬರಹ. ಜೊತೆಗೆ ದಿನಚರಿ ಬೇರೆ ಬರೆಯುತ್ತಿದ್ದ. ಅದು 1989ರಲ್ಲಿ ಪುಸ್ತಕವಾಗಿ ಬಂತು. ನನಗೆ ಕಾದಂಬರಿಗಿಂತ ಆ ದಿನಚರಿಯೇ ಜಾಸ್ತಿ ಇಷ್ಟ. ಇವತ್ತು ಪಕ್ಕದ ಮನೆಯಲ್ಲಿ ಸುತ್ತಿಗೆ ಸದ್ದು, ಹೊಟ್ಟೆ ಸರಿ ಇಲ್ಲ, ನೆಂಟರು ಬಂದರು, ಬರಹ ಕೆಟ್ಟಿದೆ, ಹೀಗೇ ಹೋಗುತ್ತದೆ. ಆಗಸ್ಟ್‌ನಲ್ಲಿ ಒಂದು ದಿನ, ತಾನು ಬರಹಗಾರನೇ ಅಲ್ಲ, ತನಗೆ ತಾನೇ ಮೋಸ ಮಾಡಿಕೊಂಡು ಬೇರೆಯವರಿಗೂ ಮೋಸ ಮಾಡುತ್ತಿದ್ದೇನೆ ಅಂತ ಬರೆದುಕೊಳ್ಳುತ್ತಾನೆ. ಮಾರನೇ ದಿನ ಮತ್ತೆ ಅದೇ ಮೇಜು.

ಬಿಸಿಲೂರು

ನಮ್ಮ ಕಡೆ ಇದಕ್ಕೆ ಒಂದೇ ಮಾತು ಸಾಕು: ಗುಳೆ. ಯಾದಗಿರಿ ಬಸ್ ಸ್ಟ್ಯಾಂಡಿನಲ್ಲಿ ಚೀಲ, ಕೊಡ, ಕೂಸು ಹಿಡಿದುಕೊಂಡು ಬೆಂಗಳೂರಿನ ಬಸ್ಸಿಗೆ ಕಾಯುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹಾಗಾಗಿ ಜೋಡ್ ಕುಟುಂಬ ಗಾಡಿಗೆ ಸಾಮಾನು ಹೇರುವ ಭಾಗ ಓದುವಾಗ ಅದು ಅಮೆರಿಕ ಅನ್ನಿಸಲೇ ಇಲ್ಲ. ಏನು ಒಯ್ಯಬೇಕು, ಏನು ಸುಡಬೇಕು ಅಂತ ತಾಯಿ ಒಬ್ಬಳೇ ಕೂತು ಹಳೇ ಕಾಗದದ ಡಬ್ಬಿ ನೋಡುತ್ತಾಳಲ್ಲ, ಅಲ್ಲಿ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತೆ.

ಒಂದು ತಕರಾರು ಇದೆ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಈ ಬಿಳಿಯರು ಬರುವುದಕ್ಕಿಂತ ಮುಂಚೆ ಚೀನಾ, ಜಪಾನ್, ಮೆಕ್ಸಿಕೊ, ಫಿಲಿಪೀನ್ಸ್‌ನ ಜನ ದುಡಿದಿದ್ದರು. ಪತ್ರಿಕೆಯ ಲೇಖನಗಳಲ್ಲಿ ಅವನು ಅದನ್ನು ಹೇಳಿದ್ದಾನೆ. ಕಾದಂಬರಿಯಲ್ಲಿ ಅವರಿಗೆ ಸಿಕ್ಕಿದ್ದು ಒಂದೆರಡು ಸಾಲು ಅಷ್ಟೇ. ಬಂದವರು 'ನಮ್ಮವರು' ಅಂತ ಓದುಗರ ಕರುಳು ಚುರ್ ಅನ್ನಿಸಲು ಹಾಗೆ ಮಾಡಿದನೇನೋ.

ನೇರಮಾತು

ಸರಿ, ಒಂದೇ ಸಾಲಿನ ಆರೋಪ ಬಂದಿದೆ, ಈಗ ಉದ್ದಕ್ಕೇ ಬರೆಯುತ್ತೇನೆ.

ಸಾನೋರಾ ಬ್ಯಾಬ್ ಹೆಸರು ಇಲ್ಲಿ ಎಷ್ಟು ಜನ ಕೇಳಿದ್ದೀರಿ? 1907ರಲ್ಲಿ ಒಕ್ಲಹೋಮಾದಲ್ಲಿ ಹುಟ್ಟಿದವಳು. ಬಯಲಿನ ಧೂಳು, ಬೆಳೆ ನಾಶ, ಹಸಿವು ಎಲ್ಲ ಸ್ವಂತ ಅನುಭವ. 1938ರಲ್ಲಿ ಇದೇ ಟಾಮ್ ಕಾಲಿನ್ಸ್ ಕೈಕೆಳಗೆ ಅದೇ ಕ್ಯಾಂಪ್‌ಗಳಲ್ಲಿ ಕೆಲಸ ಮಾಡಿದಳು. ಡೇರೆಯಿಂದ ಡೇರೆಗೆ ಹೋಗಿ ಜನರ ಮಾತು ಬರೆದುಕೊಂಡಳು. ಕಾಲಿನ್ಸ್ ಆ ಟಿಪ್ಪಣಿಗಳನ್ನು ಕೇಳಿ ಪಡೆದು ಸ್ಟೈನ್‌ಬೆಕ್‌ಗೆ ಕೊಟ್ಟ ಅಂತ ಅವಳೇ ಹೇಳಿದ್ದಾಳೆ. ಅವಳೂ ಒಂದು ಕಾದಂಬರಿ ಬರೆಯುತ್ತಿದ್ದಳು. ರ್‍ಯಾಂಡಮ್ ಹೌಸ್‌ನ ಪ್ರಕಾಶಕ ಬೆನೆಟ್ ಸರ್ಫ್ ಅದನ್ನು ಪ್ರಕಟಿಸುವ ಮನಸ್ಸು ಮಾಡಿದ್ದ. ಅಷ್ಟರಲ್ಲಿ 1939ರ ಏಪ್ರಿಲ್ 14ಕ್ಕೆ 'ಗ್ರೇಪ್ಸ್' ಬಂತು. ವರ್ಷ ತುಂಬುವುದರೊಳಗೆ 4 ಲಕ್ಷಕ್ಕೂ ಜಾಸ್ತಿ ಪ್ರತಿ. ಇದೇ ವಿಷಯಕ್ಕೆ ಇನ್ನೊಂದು ಪುಸ್ತಕ ಮಾರುಕಟ್ಟೆಯಲ್ಲಿ ನಿಲ್ಲಲ್ಲ ಅಂತ ಬ್ಯಾಬ್ ಪುಸ್ತಕವನ್ನು ಕೈಬಿಟ್ಟರು.

ಅದು ಅಚ್ಚಾದದ್ದು 2004ರಲ್ಲಿ. 65 ವರ್ಷ! ಮಾರನೇ ವರ್ಷದ ಕೊನೆಯ ದಿನ ಅವಳು ತೀರಿಕೊಂಡಳು, 98ನೇ ವಯಸ್ಸಿನಲ್ಲಿ. ಪುಸ್ತಕದ ಹೆಸರು 'ಹೂಸ್ ನೇಮ್ಸ್ ಆರ್ ಅನ್‌ನೋನ್'. ಅಂದರೆ ಹೆಸರು ಗೊತ್ತಿಲ್ಲದವರು. ಜನರನ್ನು ಜಾಗದಿಂದ ಎಬ್ಬಿಸುವ ಕೋರ್ಟ್ ನೋಟಿಸಿನಲ್ಲಿದ್ದ ಮಾತು ಅದು.

ಇನ್ನೊಂದು. ಜೋಡ್ ಕುಟುಂಬದ ಊರು ಸ್ಯಾಲಿಸಾ. ಅದು ಒಕ್ಲಹೋಮಾದ ಪೂರ್ವದ ಅಂಚು. ಕಪ್ಪು ಧೂಳಿನ ಬಿರುಗಾಳಿ ಎದ್ದದ್ದು ಪಶ್ಚಿಮದ ಮೂಲೆಯಲ್ಲಿ, ನೂರಾರು ಮೈಲಿ ದೂರ. ಅಲ್ಲೇ ಬೆಳೆದ ಬ್ಯಾಬ್ ಇಂಥ ತಪ್ಪು ಮಾಡುತ್ತಿರಲಿಲ್ಲ.

ಪೆನ್ಸಿಲ್‌ತುದಿ

ಬ್ಯಾಬ್‌ಗೆ ಆದದ್ದು ಅನ್ಯಾಯ, ಒಪ್ಪಿದೆ. ಅದು ಪ್ರಕಾಶಕನ ಲೆಕ್ಕಾಚಾರದ ಅನ್ಯಾಯ. ಕಳ್ಳತನ ಅನ್ನುವ ವಾಸನೆ ಮಾತ್ರ ಬೇಡ. ಸ್ಟೈನ್‌ಬೆಕ್ ಕಾಲಿನ್ಸ್‌ನನ್ನು ಕಂಡದ್ದು 1936ರಲ್ಲಿ, ಬ್ಯಾಬ್ ಕ್ಯಾಂಪ್‌ಗೆ ಬರುವುದಕ್ಕೆ ಎರಡು ವರ್ಷ ಮುಂಚೆ. ಕಾಲಿನ್ಸ್ ಪ್ರತಿ ವಾರ ಸರ್ಕಾರಕ್ಕೆ ವರದಿ ಕಳಿಸುತ್ತಿದ್ದ. ಜನ ಏನು ತಿಂದರು, ಯಾವ ಹಾಡು ಹೇಳಿದರು, ಯಾರು ಜಗಳ ಆಡಿದರು, ಹೇಗೆ ಮಾತಾಡುತ್ತಾರೆ, ಎಲ್ಲ ಅದರಲ್ಲಿ ಇರುತ್ತಿತ್ತು. ಆ ವರದಿಗಳ ಕಂತೆ ಮೊದಲೇ ಸ್ಟೈನ್‌ಬೆಕ್ ಕೈಸೇರಿತ್ತು. ಬ್ಯಾಬ್ ಟಿಪ್ಪಣಿ ಎಷ್ಟು ಬಳಸಿದ ಎಂಬುದರ ಮೇಲೆ ವಿದ್ವಾಂಸರು ಇವತ್ತಿಗೂ ಕಿತ್ತಾಡುತ್ತಾರೆ.

ಅವನು ಸಾಲ ಮುಚ್ಚಿಡಲೂ ಇಲ್ಲ. ಅರ್ಪಣೆಯ ಪುಟ ನೋಡಿ. ಇದನ್ನು ಆಗಮಾಡಿಸಿದ ಕ್ಯಾರಲ್‌ಗೆ, ಇದನ್ನು ಬದುಕಿದ ಟಾಮ್‌ಗೆ ಎಂಬ ಅರ್ಥದ ಎರಡೇ ಸಾಲು.

ಚಹಾಸಂಜೆ

ಟಾಮ್ ಯಾರು ಅಂತ ಈಗ ಗೊತ್ತಾಯಿತು. ನಾನು ಕಾದಂಬರಿಯ ನಾಯಕ ಟಾಮ್ ಜೋಡ್ ಅಂದುಕೊಂಡಿದ್ದೆ! ಕ್ಯಾರಲ್ ಹೆಂಡತಿ ಅಲ್ವಾ?

ಅಜ್ಜಿಮನೆ

ಮೊದಲ ಹೆಂಡತಿ. ಕ್ಯಾರಲ್ ಹೆನಿಂಗ್. ಇವಳ ಬಗ್ಗೆ ಬರೆಯದಿದ್ದರೆ ನನಗೆ ಊಟ ಸೇರಲ್ಲ.

1930ರಲ್ಲಿ ಮದುವೆ. ದುಡ್ಡಿಲ್ಲ. ಪೆಸಿಫಿಕ್ ಗ್ರೋವ್‌ನಲ್ಲಿ ಅವನ ತಂದೆಯ ಪುಟ್ಟ ಕಾಟೇಜ್ ಇತ್ತು, ಬಾಡಿಗೆ ಕೊಡಬೇಕಿರಲಿಲ್ಲ. ತಂದೆಯೇ ತಿಂಗಳಿಗೆ 25 ಡಾಲರ್ ಕೊಡುತ್ತಿದ್ದ. ಉಳಿದದ್ದಕ್ಕೆ ಹಿತ್ತಲ ತರಕಾರಿ, ಸಮುದ್ರದ ಮೀನು, ಕ್ಯಾರಲ್‌ಳ ಸಂಬಳ. ಅವನ ಸಣ್ಣ ಗೀಚು ಅಕ್ಷರ ಬಿಡಿಸಿ ಟೈಪ್ ಮಾಡುವವಳು ಅವಳು. ತಿದ್ದುವವಳು ಅವಳು. ಉದ್ದಕ್ಕೆ ಎಳೆದರೆ, ಸಾಕು, ಇದು ಕೆಟ್ಟಿದೆ ಅಂತ ಮುಖಕ್ಕೆ ಹೇಳುವವಳೂ ಅವಳೇ. 'ಗ್ರೇಪ್ಸ್ ಆಫ್ ರಾತ್' ಎಂಬ ಹೆಸರನ್ನು ಅಂತರ್ಯುದ್ಧದ ಕಾಲದ ಹಾಡಿನಿಂದ ಹೆಕ್ಕಿ ಕೊಟ್ಟದ್ದೂ ಅವಳು.

1933ರಲ್ಲಿ ತಾಯಿಗೆ ಪಾರ್ಶ್ವವಾಯು ಹೊಡೆಯಿತು. ಮಗ ಸೊಸೆ ಇಬ್ಬರೂ ಸಲೀನಾಸ್‌ನ ಮನೆಗೆ ಹೋಗಿ ಸೇವೆಗೆ ನಿಂತರು. ಮಲಮೂತ್ರದ ಬಟ್ಟೆ ಬದಲಿಸುವ ನಡುವೆ, ಪಕ್ಕದ ಕೋಣೆಯಲ್ಲಿ ಕೂತು ಅವನು 'ದಿ ರೆಡ್ ಪೋನಿ' ಕತೆಗಳನ್ನು ಬರೆದ. ಹುಡುಗನೊಬ್ಬನ ಕುದುರೆಮರಿ ಕಾಯಿಲೆ ಬಿದ್ದು ಸಾಯುವ ಕತೆ ಆ ಮನೆಯಲ್ಲಿ ಹುಟ್ಟಿದ್ದು. ತಾಯಿ 1934ರಲ್ಲಿ ಹೋದಳು, ತಂದೆ 1935ರಲ್ಲಿ. ಅದೇ 1935ರಲ್ಲಿ 'ಟೋರ್ಟಿಯಾ ಫ್ಲ್ಯಾಟ್' ಬಂದು ಮೊದಲ ಸಲ ಹಣ, ಹೆಸರು ಕೈಗೆ ಬಂತು. ಮಗನ ಗೆಲುವು ನೋಡಲು ಇಬ್ಬರೂ ಇರಲಿಲ್ಲ.

ಕೈ ತುಂಬ ಹಣ ಬಂದ ಮೇಲೆ ಸಂಸಾರ ನಿಲ್ಲಲಿಲ್ಲ. 1943ರಲ್ಲಿ ಕ್ಯಾರಲ್‌ಗೆ ವಿಚ್ಛೇದನ. ಅದೇ ತಿಂಗಳು ಗ್ವಿನ್ ಕಾಂಗರ್ ಜೊತೆ ಮದುವೆ. ಇಬ್ಬರು ಗಂಡು ಮಕ್ಕಳು. 1948ರಲ್ಲಿ ಅದೂ ಮುರಿಯಿತು. 1950ರಲ್ಲಿ ಎಲೇನ್ ಸ್ಕಾಟ್. ಅವಳು ಕೊನೇವರೆಗೆ ಇದ್ದಳು.

ಕ್ಯಾರಲ್ ಹೋದ ಮೇಲೆ ಅವನಿಗೆ 'ಸಾಕು ನಿಲ್ಲಿಸು' ಅನ್ನುವವರು ಯಾರೂ ಇರಲಿಲ್ಲ. ಚಹಾಸಂಜೆ ಅವರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಕಡಲತಡಿ

ಕ್ಯಾರಲ್ ವಿಷಯ ಬಂತಲ್ಲ, ನನ್ನ ಹಳೇ ಸಿಟ್ಟು ಇಲ್ಲಿ ಹಾಕುತ್ತೇನೆ. ನಾನು ಕಾರವಾರದಲ್ಲಿ ಸಮುದ್ರ ಜೀವಶಾಸ್ತ್ರ ಓದಿದವಳು. ನನಗೆ ಸ್ಟೈನ್‌ಬೆಕ್ ಪರಿಚಯ ಆದದ್ದು ಕಾದಂಬರಿಯಿಂದ ಅಲ್ಲ, ಎಡ್ ರಿಕೆಟ್ಸ್‌ನಿಂದ.

ರಿಕೆಟ್ಸ್ ಮಾಂಟೆರೆಯಲ್ಲಿ ಒಂದು ಪುಟ್ಟ ಲ್ಯಾಬ್ ಇಟ್ಟುಕೊಂಡಿದ್ದ. ನಕ್ಷತ್ರಮೀನು, ಆಕ್ಟೋಪಸ್ ಹಿಡಿದು ಶಾಲೆ ಕಾಲೇಜುಗಳಿಗೆ ಮಾರುವುದು ಕಸುಬು. ಡಿಗ್ರಿ ಇಲ್ಲ. ಆದರೆ ಆ ಕರಾವಳಿಯ ಜೀವಿಗಳ ಮೇಲೆ 1939ರಲ್ಲಿ ಅವನು ಜ್ಯಾಕ್ ಕ್ಯಾಲ್ವಿನ್ ಜೊತೆ ತಂದ ಪುಸ್ತಕವನ್ನು ಇವತ್ತಿಗೂ ಓದುತ್ತಾರೆ. ಜೀವಿಗಳನ್ನು ಜಾತಿವಾರು ಜೋಡಿಸದೆ, ಎಲ್ಲಿ ವಾಸ ಮಾಡುತ್ತವೆ ಎಂಬುದರ ಮೇಲೆ ಜೋಡಿಸಿದ. ಬಂಡೆ, ಮರಳು, ಹಡಗುಕಟ್ಟೆಯ ಕಂಬ ಹೀಗೆ. ಆ ಕಾಲಕ್ಕೆ ಅದು ಹೊಸದು. 'ಗ್ರೇಪ್ಸ್' ಓದಿ ನೋಡಿ, ಜನರನ್ನು ಒಂದು ಗುಂಪಾಗಿ, ಒಂದೇ ಜೀವಿಯ ಹಾಗೆ ನೋಡುವ ಅಧ್ಯಾಯಗಳಿವೆ. ಆ ಕಣ್ಣು ರಿಕೆಟ್ಸ್ ಜೊತೆ ಕೂತು ಮಾತಾಡಿ ಬಂದದ್ದು. 'ಕ್ಯಾನರಿ ರೋ' ಕಾದಂಬರಿಯ ಡಾಕ್ ಎಂಬ ಪಾತ್ರ ಅಂತೂ ನೇರ ಇವನೇ.

1940ರ ಮಾರ್ಚ್‌ನಲ್ಲಿ 'ವೆಸ್ಟರ್ನ್ ಫ್ಲೈಯರ್' ಎಂಬ ಮೀನುಗಾರಿಕೆ ದೋಣಿಯನ್ನು ಸ್ಟೈನ್‌ಬೆಕ್, ರಿಕೆಟ್ಸ್ ಬಾಡಿಗೆಗೆ ಹಿಡಿದು ಮೆಕ್ಸಿಕೊದ ಕ್ಯಾಲಿಫೋರ್ನಿಯಾ ಕೊಲ್ಲಿಗೆ ಹೋದರು. ಆರು ವಾರ, ಸುಮಾರು 4,000 ಮೈಲಿ. ಮರುವರ್ಷ 'ಸೀ ಆಫ್ ಕೋರ್ಟೆಸ್' ಬಂತು. ದೋಣಿಯಲ್ಲಿ ದಿನಚರಿ ಬರೆದದ್ದು ರಿಕೆಟ್ಸ್. ಅದನ್ನಿಟ್ಟುಕೊಂಡು ಪ್ರವಾಸದ ಭಾಗ ಬರೆದದ್ದು ಸ್ಟೈನ್‌ಬೆಕ್. ಕ್ಯಾರಲ್ ಕೂಡ ಅದೇ ದೋಣಿಯಲ್ಲಿದ್ದಳು. ಪುಸ್ತಕದಲ್ಲಿ ಎಂಜಿನ್ ಇದೆ, ಅಡುಗೆಯ ಜಗಳ ಇದೆ, ಹಾಳಾದ ಸಣ್ಣ ಮೋಟರ್ ಮೇಲೆ ಪುಟಗಟ್ಟಲೆ ತಮಾಷೆ ಇದೆ. ಕ್ಯಾರಲ್ ಇಲ್ಲ! ಎಷ್ಟು ಹುಡುಕಿದರೂ ಇಲ್ಲ.

ನೇರಮಾತು

1951ರಲ್ಲಿ ಪ್ರವಾಸದ ಭಾಗವನ್ನಷ್ಟೇ ಬಿಡಿಸಿ ಮತ್ತೆ ಅಚ್ಚು ಹಾಕಿದರಲ್ಲ, ಅದರ ಮುಖಪುಟದಲ್ಲಿ ಯಾರ ಹೆಸರಿತ್ತು ಅದನ್ನೂ ಹೇಳಿ.

ಕಡಲತಡಿ

ಹೇಳುವವಳಿದ್ದೆ. ಸ್ಟೈನ್‌ಬೆಕ್ ಒಬ್ಬನದೇ. ಆದರೆ 1941ರಲ್ಲಿ ನಡೆದದ್ದೂ ಹೇಳಬೇಕು. ಸಂಪಾದಕ ಪ್ಯಾಸ್ಕಲ್ ಕೊವಿಸಿ, ಕತೆಯ ಭಾಗ ನಿನ್ನದು, ವಿಜ್ಞಾನದ ಪಟ್ಟಿ ರಿಕೆಟ್ಸ್‌ದು ಅಂತ ಬೇರೆ ಮಾಡಿ ಹೆಸರು ಹಾಕೋಣ ಅಂದ. ಸ್ಟೈನ್‌ಬೆಕ್ ಕೆಂಡವಾದ. ಇಡೀ ಪುಸ್ತಕ ಇಬ್ಬರದ್ದು, ಹಾಗೆ ಒಡೆಯಕೂಡದು ಅಂತ ಹಟ ಹಿಡಿದು ಇಬ್ಬರ ಹೆಸರೂ ಹಾಕಿಸಿದ. ಹತ್ತು ವರ್ಷದ ನಂತರ ಅದೇ ಮನುಷ್ಯ ಬಿಟ್ಟುಕೊಟ್ಟ.

ನಡುವೆ ರಿಕೆಟ್ಸ್ ಸತ್ತಿದ್ದ. 1948ರ ಮೇ, ಲ್ಯಾಬ್‌ನಿಂದ ನಾಲ್ಕು ಹೆಜ್ಜೆ ದೂರದ ರೈಲ್ವೆ ಕ್ರಾಸಿಂಗ್‌ನಲ್ಲಿ ಅವನ ಕಾರಿಗೆ ರೈಲು ಬಡಿಯಿತು. ಮೂರು ದಿನ ಜೀವ ಹಿಡಿದಿದ್ದ. 1951ರ ಪುಸ್ತಕಕ್ಕೆ ಸ್ಟೈನ್‌ಬೆಕ್ ಗೆಳೆಯನ ಮೇಲೆ ಬರೆದ ಮುನ್ನುಡಿ ಇದೆ. ಅವನು ಬರೆದದ್ದರಲ್ಲೆಲ್ಲ ನನಗೆ ಅದೇ ಮೇಲು. ಗೆಳೆಯನ ಗಡ್ಡ, ಬಿಯರ್, ಮಳೆಯಲ್ಲಿ ತಲೆ ನೆನೆಯುವ ಭಯ, ಎಲ್ಲ ಇದೆ. ಮುಖಪುಟದಲ್ಲಿ ಹೆಸರಿಲ್ಲ, ಒಳಗೆ ಮನುಷ್ಯ ಇಡಿಯಾಗಿ ಇದ್ದಾನೆ. ಇದನ್ನು ಪ್ರೀತಿ ಅನ್ನಬೇಕೋ ಏನು ಅನ್ನಬೇಕೋ, ನೀವೇ ಹೇಳಿ.

ಸ್ಯಾನ್‌ಹೊಸೆ_ಸಂಸಾರಿ

ನಮಸ್ಕಾರ. ಸಲೀನಾಸ್ ನಮ್ಮ ಮನೆಯಿಂದ 101 ಹೈವೇಯಲ್ಲಿ ಒಂದು ಗಂಟೆ. ಊರಿಂದ ಯಾರಾದರೂ ಬಂದರೆ ಮಾಂಟೆರೆ ಅಕ್ವೇರಿಯಂಗೆ ಕರೆದುಕೊಂಡು ಹೋಗುವುದು ಇಲ್ಲಿನ ಕನ್ನಡದವರ ಮಾಮೂಲು ಕಾರ್ಯಕ್ರಮ. ಅದರ ಪಕ್ಕದಲ್ಲೇ ರಿಕೆಟ್ಸ್‌ನ ಹಳೇ ಮರದ ಲ್ಯಾಬ್ ಇದೆ. ನಾಲ್ಕು ವರ್ಷ ಅದರ ಮುಂದೆ ಐಸ್‌ಕ್ರೀಮ್ ತಿಂದುಕೊಂಡು ನಡೆದಿದ್ದೇನೆ, ಏನದು ಅಂತ ಗೊತ್ತಿಲ್ಲದೆ. ಆ ಬೀದಿಗೆ 'ಕ್ಯಾನರಿ ರೋ' ಅಂತ ಕಾದಂಬರಿಯ ಹೆಸರೇ ಇಟ್ಟದ್ದು 1958ರಲ್ಲಿ. ಮೊದಲು ಓಷನ್ ವ್ಯೂ ಅವೆನ್ಯೂ. ಮೀನಿನ ಡಬ್ಬಿ ಕಾರ್ಖಾನೆಗಳು ಮುಚ್ಚಿದವು, ಅಕ್ವೇರಿಯಂ ಕೂಡ ಅಂಥದ್ದೇ ಒಂದು ಕಾರ್ಖಾನೆಯ ಜಾಗದಲ್ಲಿ 1984ರಲ್ಲಿ ಬಂದದ್ದು. 'ವೆಸ್ಟರ್ನ್ ಫ್ಲೈಯರ್' ದೋಣಿ ಎರಡು ಸಲ ಮುಳುಗಿ, ಗುಜರಿಯಾಗಿ, ರಿಪೇರಿಯಾಗಿ 2023ರಲ್ಲಿ ಮಾಂಟೆರೆಗೆ ವಾಪಸ್ ಬಂತು.

ಸಲೀನಾಸ್ ಕತೆ ಬೇರೆ. ಅವನು ಹುಟ್ಟಿದ ಮನೆ ಈಗ ಹೋಟೆಲ್. ಮಧ್ಯಾಹ್ನ ಊಟ ಮಾಡಿದೆ, ಸಪ್ಪೆ ಆದರೂ ಚೆನ್ನಾಗಿತ್ತು. ಮುಖ್ಯ ಬೀದಿಯ ತುದಿಯಲ್ಲಿ 1998ರಲ್ಲಿ ತೆರೆದ ಮ್ಯೂಸಿಯಂ. ಅಲ್ಲಿ ಚಾರ್ಲಿ ನಾಯಿ ಜೊತೆ ದೇಶ ಸುತ್ತಿದ ಹಸಿರು ಗಾಡಿ ನಿಂತಿದೆ. ಇಷ್ಟು ಮೆರವಣಿಗೆ ಮಾಡುವ ಊರಿನವರೇ ಆಗ ಅವನ ಹೆಸರು ಕೇಳಿದರೆ ಉರಿದು ಬೀಳುತ್ತಿದ್ದರು.

ಆರ್ವಿನ್ ಕ್ಯಾಂಪ್ ಇದ್ದ ಕರ್ನ್ ಕೌಂಟಿಯವರು 1939ರ ಆಗಸ್ಟ್‌ನಲ್ಲಿ 4-1 ಮತದಿಂದ 'ಗ್ರೇಪ್ಸ್' ಅನ್ನು ಲೈಬ್ರರಿ, ಶಾಲೆಗಳಿಂದ ತೆಗೆಸಿದರು. ಅಲ್ಲಿನ ಗ್ರಂಥಪಾಲಕಿ ಗ್ರೆಚೆನ್ ನೀಫ್ ಕೆಲಸದ ಚಿಂತೆ ಮಾಡದೆ, ಇದು ಅಪಾಯದ ದಾರಿ ಅಂತ ಪತ್ರ ಬರೆದಳು. ನಿಷೇಧ ಹೋಗಲು 1941 ಬರಬೇಕಾಯಿತು. ಬೇಕರ್ಸ್‌ಫೀಲ್ಡ್‌ನಲ್ಲಿ ಪುಸ್ತಕ ಸುಡುವ ಫೋಟೋ ಒಂದಿದೆ. ಬೆಂಕಿ ಹಿಡಿದವನು ಒಬ್ಬ ಕೂಲಿಯವನು. ಅವನು ಪುಸ್ತಕ ಓದಿರಲಿಲ್ಲ, ಜಮೀನುದಾರ ಹೇಳಿದ್ದಕ್ಕೆ ಸುಟ್ಟದ್ದು.

ಬಿಸಿಲೂರು

ಯಾರ ಕತೆಯೋ ಅವರ ಕೈಯಲ್ಲೇ ಸುಡಿಸಿದರು ನೋಡಿ. ಆ ಸಲೀನಾಸ್‌ನಲ್ಲಿ ಈಗ ಹೊಲದಲ್ಲಿ ಯಾರು ದುಡಿಯುತ್ತಾರೆ?

ಸ್ಯಾನ್‌ಹೊಸೆ_ಸಂಸಾರಿ

ಬಹುತೇಕ ಮೆಕ್ಸಿಕೊ ಮೂಲದವರು. ಲೆಟ್ಯೂಸ್, ಸ್ಟ್ರಾಬೆರಿ. ಬೆಳಗ್ಗೆ ಆರಕ್ಕೆ ಮಂಜಿನಲ್ಲಿ ಬಸ್‌ಗಳು ನಿಂತಿರುತ್ತವೆ, ಹಿಂದೆ ಕಟ್ಟಿಕೊಂಡ ಸಂಚಾರಿ ಟಾಯ್ಲೆಟ್ ಸಮೇತ. 1970ರ ಡಿಸೆಂಬರ್‌ನಲ್ಲಿ ಲೆಟ್ಯೂಸ್ ಬಹಿಷ್ಕಾರ ನಿಲ್ಲಿಸಲ್ಲ ಅಂದದ್ದಕ್ಕೆ ಕೃಷಿ ಕೂಲಿಗಳ ನಾಯಕ ಸೀಸರ್ ಚಾವೆಜ್‌ನನ್ನು ಜೈಲಿಗೆ ಹಾಕಿದ್ದು ಇದೇ ಊರಲ್ಲಿ. ಸ್ಟೈನ್‌ಬೆಕ್ ಸತ್ತು ಎರಡು ವರ್ಷ ಆಗಿತ್ತು.

ಇನ್ನೊಂದು ವಿಷಯ ಹೇಳಿದರೆ ನಗುತ್ತೀರಿ. ಅವನು ಬದುಕಿದ್ದಾಗ ಊರಿನ ಶಾಲೆಗೆ ಅವನ ಹೆಸರಿಡುವ ಮಾತು ಬಂತು. ಶಾಲೆ ಬೇಡ, ಬೇಕಾದರೆ ಬೋಲಿಂಗ್ ಆಟದ ಅಂಗಳಕ್ಕೋ ನಾಯಿ ಓಟದ ಮೈದಾನಕ್ಕೋ ಇಡಿ ಅಂತ ಬರೆದ. ಸತ್ತ ಮೇಲೆ ಲೈಬ್ರರಿಗೆ ಇಟ್ಟರು. 2004ರ ಕೊನೆಯಲ್ಲಿ ನಗರದ ಬೊಕ್ಕಸ ಬರಿದಾಗಿ, ಆ ಲೈಬ್ರರಿ ಸೇರಿ ಊರಿನ ಮೂರೂ ಲೈಬ್ರರಿ ಮುಚ್ಚುವ ನಿರ್ಧಾರ ಆಯಿತು! ಜನ ಚಂದಾ ಎತ್ತಿದರು, ಮರುವರ್ಷ ತೆರಿಗೆಗೆ ಮತ ಹಾಕಿ ಉಳಿಸಿಕೊಂಡರು.

ಚಹಾಸಂಜೆ

ನೊಬೆಲ್ ಪ್ರಶ್ನೆಗೆ ಯಾರೂ ಬರಲಿಲ್ಲ.

ನೇರಮಾತು

1962. ನೊಬೆಲ್ ದಾಖಲೆಗಳನ್ನು 50 ವರ್ಷ ಮುಚ್ಚಿಡುತ್ತಾರೆ. 2013ರ ಜನವರಿಯಲ್ಲಿ ಬಿಚ್ಚಿದಾಗ ಗೊತ್ತಾದದ್ದು: ಕೊನೆಯ ಪಟ್ಟಿಯಲ್ಲಿ ರಾಬರ್ಟ್ ಗ್ರೇವ್ಸ್, ಲಾರೆನ್ಸ್ ಡರೆಲ್, ಫ್ರಾನ್ಸಿನ ಅನೂಯಿ, ಡೆನ್ಮಾರ್ಕಿನ ಕರೆನ್ ಬ್ಲಿಕ್ಸೆನ್, ಮತ್ತೆ ಇವನು. ಬ್ಲಿಕ್ಸೆನ್ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಳು. ಈ ಸಲ ಎದ್ದು ಕಾಣುವ ಹೆಸರೇ ಇಲ್ಲ, ನಮ್ಮದು ಕಷ್ಟದ ಸ್ಥಿತಿ ಅಂತ ಸಮಿತಿಯವನೊಬ್ಬ ಬರೆದಿದ್ದಾನೆ. ಸಮಾರಂಭಕ್ಕೆ ಒಂದು ದಿನ ಮುಂಚೆ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಆರ್ಥರ್ ಮೈಜ್ನರ್ ಎಂಬ ವಿಮರ್ಶಕ, ಮೂವತ್ತರ ದಶಕದ ನೀತಿದೃಷ್ಟಿಗೆ ಈಗ ನೊಬೆಲ್ ಬೇಕಾ ಅಂತ ಕೇಳಿದ. ಪತ್ರಕರ್ತರು ಇವನನ್ನೇ ಕೇಳಿದರು, ನೀವು ಅರ್ಹರಾ? ನಿಜ ಹೇಳಬೇಕಂದರೆ, ಇಲ್ಲ ಅಂದ.

ಅದರ ನಂತರ ಅವನಿಂದ ಒಂದು ಕಾದಂಬರಿಯೂ ಬರಲಿಲ್ಲ. ವಿಯೆಟ್ನಾಂಗೆ ಹೋಗಿ ಅಮೆರಿಕದ ಯುದ್ಧವನ್ನು ಹೊಗಳಿ ಪತ್ರಿಕೆಗೆ ಬರೆದ. ಬಡವರ ಪರ ನಿಂತವನು ಹೆಲಿಕಾಪ್ಟರ್ ಪೈಲಟ್‌ಗಳ ಕೈಚಳಕ ವರ್ಣಿಸುತ್ತಿದ್ದ. ಅಭಿಮಾನಿಗಳು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಪೆನ್ಸಿಲ್‌ತುದಿ

ಬಿಡಲ್ಲ. ಅವನ ಮಗ ಆಗ ಸೈನ್ಯದಲ್ಲಿ ವಿಯೆಟ್ನಾಂನಲ್ಲಿದ್ದ. ಅಧ್ಯಕ್ಷ ಜಾನ್ಸನ್ ಮನೆಯ ಗೆಳೆಯ. ಇದು ಸಮರ್ಥನೆ ಅಲ್ಲ, ಹಿನ್ನೆಲೆ. ಬರೆದದ್ದು ಕೆಟ್ಟದ್ದೇ.

'ಟ್ರಾವೆಲ್ಸ್ ವಿತ್ ಚಾರ್ಲಿ' ಬಗ್ಗೆಯೂ ನೀವು ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. 1960ರಲ್ಲಿ ನಾಯಿ ಜೊತೆ ಒಬ್ಬನೇ ಹೋದೆ ಅಂತ ಬರೆದ. ಎಷ್ಟೋ ದಿನ ಎಲೇನ್ ಜೊತೆಗಿದ್ದಳು, ಒಳ್ಳೆಯ ಹೋಟೆಲ್‌ಗಳಲ್ಲಿ ಇಳಿದಿದ್ದರು. ಅದೇ ದಾರಿಯಲ್ಲಿ ಹೋಗಿ ಪರೀಕ್ಷೆ ಮಾಡಿದ ಪತ್ರಕರ್ತನೊಬ್ಬ ಎಷ್ಟೋ ಭೇಟಿಗಳು ಕಟ್ಟುಕತೆ ಅಂತ ತೋರಿಸಿದ.

ಕಡಲತಡಿ

ಅಂದರೆ ಎರಡನೇ ಸಲ ಹೆಂಡತಿಯನ್ನು ಗಾಡಿಯಿಂದ ಇಳಿಸಿದ. ಮೊದಲು ದೋಣಿ, ಆಮೇಲೆ ಟ್ರಕ್ಕು.

ಅಜ್ಜಿಮನೆ

ಹ್ಹ ಹ್ಹ. ನಾಯಿಗೆ ಮಾತ್ರ ಪೂರ್ತಿ ಟಿಕೆಟ್. ನಾಯಿಗಳ ಮೇಲೆ ಅವನಿಗೆ ಮೊದಲಿಂದಲೂ ಧಾರಾಳ. 1936ರಲ್ಲಿ ಟೋಬಿ ಎಂಬ ಮರಿ 'ಆಫ್ ಮೈಸ್ ಅಂಡ್ ಮೆನ್' ಹಸ್ತಪ್ರತಿಯ ಅರ್ಧ ತಿಂದುಹಾಕಿತು. ಎರಡು ತಿಂಗಳ ಕೆಲಸ ಹೋಯಿತು. ಪಾಪ, ಅದು ವಿಮರ್ಶೆ ಮಾಡಿರಬಹುದು ಅಂತ ಬರೆದ.

ಆದರೆ ಯಾರೂ 'ಈಸ್ಟ್ ಆಫ್ ಈಡನ್' ಹೆಸರೇ ಎತ್ತಿಲ್ಲ. 1952. ಇಲ್ಲಿ ಅವನ ತಾಯಿಯ ಕಡೆಯ ಹ್ಯಾಮಿಲ್ಟನ್ ಕುಟುಂಬ ಸ್ವಂತ ಹೆಸರಿನಲ್ಲೇ ಬರುತ್ತದೆ. ಬಂಜರು ಗುಡ್ಡದ ಜಮೀನಿನಲ್ಲಿ ಬಾವಿ ತೋಡುವ ಅಜ್ಜ ಸ್ಯಾಮ್ಯುಯೆಲ್ ನನ್ನ ಪ್ರೀತಿಯ ಪಾತ್ರ. ಬೇರೆಯವರ ಹೊಲಕ್ಕೆಲ್ಲ ನೀರು ತೋರಿಸುತ್ತಾನೆ, ತನ್ನ ಹೊಲ ಮಾತ್ರ ಒಣ. ನಮ್ಮಜ್ಜನೂ ಹಾಗೇ ಇದ್ದ, ಊರಿಗೆಲ್ಲ ತೆಂಗಿನಕಾಯಿ ಹಿಡಿದು ನೀರು ನೋಡಿಕೊಟ್ಟವನು.

ಬರೆಯುವಾಗ ನೋಟ್‌ಬುಕ್ಕಿನ ಎಡಪುಟದಲ್ಲಿ ಕೊವಿಸಿಗೆ ಪತ್ರ, ಬಲಪುಟದಲ್ಲಿ ಕಾದಂಬರಿ. ಪತ್ರದ ತುಂಬ ಪೆನ್ಸಿಲ್ ಪುರಾಣ. ಆರು ಮೂಲೆಯ ಪೆನ್ಸಿಲ್ ಬೆರಳು ಕೊರೆಯುತ್ತದೆ ಅಂತ ಗೊಣಗಾಟ. ಮುಗಿದ ಮೇಲೆ ಹಸ್ತಪ್ರತಿಯನ್ನು ತಾನೇ ಕೆತ್ತಿದ ಮರದ ಪೆಟ್ಟಿಗೆಯಲ್ಲಿಟ್ಟು ಕೊವಿಸಿಗೆ ಕೊಟ್ಟ. ವಿಮರ್ಶಕರು ಆಗ ಜರೆದರು. 2003ರಲ್ಲಿ ಟೀವಿಯ ಓಪ್ರಾ ವಿನ್‌ಫ್ರೇ ತನ್ನ ಓದುಗರ ಬಳಗಕ್ಕೆ ಆರಿಸಿದ್ದೇ ತಡ, ಮತ್ತೆ ಮಾರಾಟದ ಪಟ್ಟಿಯ ತುದಿಗೆ ಹೋಯಿತು.

ನೇರಮಾತು

ಆ ಕಾದಂಬರಿಯ ಬೆನ್ನೆಲುಬೇ ಒಂದು ಹೀಬ್ರೂ ಪದ, 'ತಿಮ್ಶೆಲ್' (ನೀನು ಮಾಡಬಹುದು ಅಂತ ಅರ್ಥ). ಮೂಲದಲ್ಲಿ ಅದು 'ತಿಮ್ಶೋಲ್'. ಅದನ್ನೂ ತಪ್ಪು ಬರೆದಿದ್ದಾನೆ.

ಅಜ್ಜಿಮನೆ

ಸ್ವಾಮಿ, ಒಂದು ಗುಣಿತಾಕ್ಷರಕ್ಕೆ ಆರುನೂರು ಪುಟ ಎಸೆಯಬೇಕಾ?

ನೇರಮಾತು

ಎಸೆಯಬೇಡಿ. ನಾನೂ ಮೂರು ಸಲ ಓದಿದ್ದೇನೆ, ಸುಮ್ನೆ ಹೇಳಿದೆ.

ಬಿಸಿಲೂರು

ಬ್ಯಾಬ್ ಪುಸ್ತಕ ನಿನ್ನೆ ಸಿಕ್ಕಿತು, ಅರ್ಧ ಆಗಿದೆ. ಇದು ಬೇರೆಯೇ ಥರ. 'ಗ್ರೇಪ್ಸ್'ನ ಹಾಗೆ ಆಮೆ ಇಲ್ಲ, ಪ್ರವಾದಿ ಥರ ಮಾತಾಡುವ ಪಾದ್ರಿ ಇಲ್ಲ. ಧೂಳು ಬಂದ ದಿನಗಳನ್ನು ಹೆಂಗಸೊಬ್ಬಳು ತಾರೀಕು ಹಾಕಿ ಬರೆದಿಡುವ ಭಾಗ ಇದೆ. ಇವತ್ತು ಧೂಳು, ನಾಳೆಯೂ ಧೂಳು, ಬಟ್ಟೆ ಒಗೆದದ್ದು ವ್ಯರ್ಥ. ಅಷ್ಟೇ. ಮನೆಯೊಳಗಿನ ಧೂಳು ಇವಳಿಗೆ ಗೊತ್ತು. ಸ್ಟೈನ್‌ಬೆಕ್‌ಗೆ ರಸ್ತೆ ಗೊತ್ತು. ನನಗೆ ಎರಡೂ ಬೇಕು. ಕಪ್ಪು ಜನರ ಕುಟುಂಬ, ಫಿಲಿಪೀನ್ಸ್‌ನ ಕೂಲಿಗಳೂ ಇದರಲ್ಲಿ ಬರುತ್ತಾರೆ, ನನ್ನ ತಕರಾರಿಗೆ ಉತ್ತರ ಸಿಕ್ಕಿತು.

ಪೆನ್ಸಿಲ್‌ತುದಿ

ಇದನ್ನು ಒಪ್ಪುತ್ತೇನೆ. ನಾನೂ ತರಿಸುತ್ತೇನೆ.

ಸ್ಯಾನ್‌ಹೊಸೆ_ಸಂಸಾರಿ

ಭಾನುವಾರ ಸಮಾಧಿಗೆ ಹೋಗಿದ್ದೆ. ಅವನು ಸತ್ತದ್ದು ನ್ಯೂಯಾರ್ಕ್‌ನಲ್ಲಿ, 1968ರ ಡಿಸೆಂಬರ್ 20ಕ್ಕೆ, ಹೃದಯದ ತೊಂದರೆಯಿಂದ. ಬೂದಿಯನ್ನು ಎಲೇನ್ ಇಲ್ಲಿಗೇ ತಂದಳು. ದೊಡ್ಡದೇನೂ ಇಲ್ಲ, ಹ್ಯಾಮಿಲ್ಟನ್ ಕುಟುಂಬದ ಜಾಗದಲ್ಲಿ ನೆಲಮಟ್ಟದ ಸಣ್ಣ ಫಲಕ. ಹುಡುಕಲು ಇಪ್ಪತ್ತು ನಿಮಿಷ ಹಿಡಿಯಿತು, ಮಗಳು ಸಿಡಿಮಿಡಿ ಮಾಡಿದಳು. ಚಹಾಸಂಜೆ ಅವರೇ, ಫೋಟೋ ಬೇಕಾ?

ಚಹಾಸಂಜೆ

ಬೇಕು. ರಿಕೆಟ್ಸ್ ಲ್ಯಾಬಿನದೂ ಇದ್ದರೆ ಹಾಕಿ. ನಾನು ಈಗ 'ಸೀ ಆಫ್ ಕೋರ್ಟೆಸ್' ಹಿಡಿದಿದ್ದೇನೆ. 60ನೇ ಪುಟ ದಾಟಿದೆ. ಅಡುಗೆ ಯಾರು ಮಾಡಿದರು ಅಂತ ಪ್ರತಿ ಸಲ ಹುಡುಕುತ್ತಿದ್ದೇನೆ.